ಕ್ರಿಸ್ಮಸ್ ಮೇಜಿನ ನಡುವೆ ಏನಿಡೋಣ: ಹೂವಿನ ಬಟ್ಟಲೋ, ಸೊಪ್ಪಿನ ಹಾಸೋ, ಹಣ್ಣಿನ ತಟ್ಟೆಯೋ?

ಹೂವಿನಂಗಡಿಗೆ ಹೊರಡುವ ಮುಂಚೆ ಗಂಟೆಯ ಲೆಕ್ಕ ಹಾಕಿ. 24ರ ಸಂಜೆ ಜೋಡಿಸಿಟ್ಟ ಅಲಂಕಾರ, ನಡುರಾತ್ರಿಯ ಬಲಿಪೂಜೆ ಮುಗಿಸಿ ಬಂದು ಕೇಕ್ ಕತ್ತರಿಸುವಾಗಲೂ ಇರಬೇಕು, ಮರುದಿನ ಮಧ್ಯಾಹ್ನದ ಊಟಕ್ಕೂ ಇರಬೇಕು ಎಂದರೆ ಇಪ್ಪತ್ತು ಗಂಟೆ. ಬರೀ ರಾತ್ರಿ ಊಟಕ್ಕಾದರೆ ನಾಲ್ಕು ಗಂಟೆ ಸಾಕು. ಹೊಸ ವರ್ಷದವರೆಗೆ ಎಂದರೆ ಒಂದು ವಾರ. ಯಾವ ಹೂ, ಯಾವ ಪಾತ್ರೆ ಎಂಬುದೆಲ್ಲ ಈ ಲೆಕ್ಕದ ಮೇಲೆ ನಿಂತಿದೆ. ಹೂ ಚೆನ್ನಾಗಿರಲಿಲ್ಲ ಎಂದು ಅಂಗಡಿಯವನನ್ನು ಬೈಯುವವರಲ್ಲಿ ಹೆಚ್ಚಿನವರು ನೀರೇ ಸಿಗದ ಕಡೆ ಹೂ ಚುಚ್ಚಿರುತ್ತಾರೆ.

ಎರಡನೆಯದು ಊರಿನ ಹವೆ. ಡಿಸೆಂಬರಿನಲ್ಲಿ ಬೆಂಗಳೂರಿನ ಹಗಲು 27 ಡಿಗ್ರಿ ಆಸುಪಾಸು, ರಾತ್ರಿ 16ಕ್ಕೆ ಇಳಿಯುತ್ತದೆ. ಮಂಗಳೂರಿನಲ್ಲಿ ಅದೇ ಹಗಲು 32–33, ರಾತ್ರಿಯೂ ಸೆಕೆ, ತಲೆಯ ಮೇಲೆ ಫ್ಯಾನು. ಬೆಂಗಳೂರಿನಲ್ಲಿ ಎರಡು ದಿನ ನಿಲ್ಲುವ ಗುಲಾಬಿ ಅಲ್ಲಿ ಮರುದಿನ ಬೆಳಗ್ಗೆಗೇ ಪೂರ್ತಿ ಬಿರಿದು ದಳ ಚೆಲ್ಲುತ್ತದೆ. ಕರಾವಳಿಯವರು ಈ ಬರಹದಲ್ಲಿ ಹೇಳುವ ಅವಧಿಯನ್ನೆಲ್ಲ ಅರ್ಧಕ್ಕಿಳಿಸಿಕೊಂಡೇ ಓದುವುದು ಒಳ್ಳೆಯದು.

ಮೇಜಿನಲ್ಲಿ ಜಾಗ ಎಷ್ಟು ಉಳಿಯುತ್ತದೆ

ಆರು ಜನರ ಮೇಜು ಸಾಮಾನ್ಯವಾಗಿ ಐದಡಿ ಉದ್ದ, ಮೂರಡಿ ಅಗಲ. ಎರಡೂ ಬದಿಗೆ ತಟ್ಟೆ, ಲೋಟಕ್ಕೆ ಒಂದೊಂದಡಿ ಹೋದರೆ ನಡುವೆ ಉಳಿಯುವುದು ಒಂದೇ ಅಡಿ. ಸಾನ್ನಾ (ಅಕ್ಕಿಯ ಮೆತ್ತನೆ ಇಡ್ಲಿ), ಬಫಾತ್ (ಮಾಂಸದ ಮಸಾಲೆ ಸಾರು), ಅನ್ನದ ಪಾತ್ರೆಗಳೂ ಅದೇ ಮೇಜಿಗೆ ಬರುವುದಾದರೆ ದುಂಡು ಬಟ್ಟಲಿಗೆ ಜಾಗವೇ ಇಲ್ಲ. ಅರ್ಧ ಅಡಿಗಿಂತ ಅಗಲ ಮೀರದ ಉದ್ದನೆಯ ಹಾಸೇ ಸರಿ. ಅಡುಗೆಯನ್ನು ಪಕ್ಕದ ಮೇಜಿನಲ್ಲಿಟ್ಟು ಬಡಿಸಿಕೊಳ್ಳುವ ಮನೆಯಲ್ಲಿ ಮಾತ್ರ ನಡುವೆ ದೊಡ್ಡ ಬಟ್ಟಲು ಇಡಬಹುದು. ಇದನ್ನು ಮೊದಲೇ ಯೋಚಿಸದಿದ್ದರೆ ಊಟದ ಹೊತ್ತಿಗೆ ಅಲಂಕಾರ ಟಿವಿ ಸ್ಟ್ಯಾಂಡಿನ ಮೇಲೆ ಹೋಗಿ ಕೂರುತ್ತದೆ.

ಎತ್ತರಕ್ಕೆ ಟೇಪು ಬೇಡ. ಕುರ್ಚಿಯಲ್ಲಿ ಕುಳಿತು ಮೊಣಕೈಯನ್ನು ಮೇಜಿಗೆ ಊರಿ ಮುಷ್ಟಿ ಹಿಡಿಯಿರಿ. ಅಲಂಕಾರದ ತುದಿ ಆ ಮುಷ್ಟಿಯನ್ನು ದಾಟಬಾರದು. ಸುಮಾರು 30 ಸೆಂಟಿಮೀಟರ್. ಅದಕ್ಕಿಂತ ಎತ್ತರವಾದರೆ ಎದುರು ಕೂತವರ ಜೊತೆ ಮಾತಾಡಲು ಕತ್ತು ಓರೆ ಮಾಡಬೇಕಾಗುತ್ತದೆ. ಅಮೆರಿಕದ ವಿಲಿಯಮ್ಸ್‌ಬರ್ಗಿನ ಹೆಸರಿನಲ್ಲಿ ಪ್ರಸಿದ್ಧವಾದ, ಮೊಳೆ ಹೊಡೆದ ಮರದ ಕೋನಿಗೆ ಸೇಬು ಚುಚ್ಚಿ ತುದಿಗೆ ಅನಾನಸ್ ಇಡುವ ಗೋಪುರ ನೋಡಲು ಭರ್ಜರಿ ನಿಜ. ಆದರೆ ಅದರ ಜಾಗ ಗೋಡೆ ಪಕ್ಕದ ಮೇಜು.

ನಾಲ್ಕು ಬಗೆ, ಒಂದು ನೋಟ

ಕಡ್ಡಿ ಹೂಗಳ ಬಟ್ಟಲು ಕಣ್ಣಿಗೆ ಮೊದಲು ಬೀಳುತ್ತದೆ. ಖರ್ಚೂ ಕೆಲಸವೂ ಅದಕ್ಕೇ ಹೆಚ್ಚು, ದಿನಕ್ಕೊಮ್ಮೆ ನೀರು ನೋಡಬೇಕು. ಸೊಪ್ಪಿನ ಹಾಸು ನೀರಿಲ್ಲದೆ ಮೇಜಿನ ಮೇಲೆ ನೇರ ಮಲಗುತ್ತದೆ, ಅರ್ಧ ಗಂಟೆಯ ಕೆಲಸ, ಆದರೆ ಸೊಪ್ಪಿನ ಆಯ್ಕೆ ತಪ್ಪಿದರೆ ಮರುದಿನ ಊಟದ ತಟ್ಟೆಗೆ ಉದುರುತ್ತದೆ. ಹಣ್ಣಿನ ತಟ್ಟೆ ವಾರ ಇರುತ್ತದೆ, ಆಮೇಲೆ ತಿನ್ನಲೂ ಸಿಗುತ್ತದೆ. ಇರುವೆಯೇ ಅದರ ತೊಂದರೆ. ನಾಲ್ಕನೆಯದು ನಮ್ಮದೇ ಉರುಳಿ, ಅಂದರೆ ಅಗಲ ಬಾಯಿಯ ತಗ್ಗು ಲೋಹದ ಪಾತ್ರೆ. ಕೆ.ಆರ್. ಮಾರುಕಟ್ಟೆಯಲ್ಲಿ ತೂಕಕ್ಕೆ ಸಿಗುವ ಬಿಡಿ ಹೂವನ್ನು ತೊಟ್ಟು ಚಿವುಟಿ ತೇಲಿಬಿಡುವುದು. ಒಂದಡಿ ಅಗಲದ ಉರುಳಿಗೆ ಬಿಳಿ ಸೇವಂತಿಗೆ ಕಾಲು ಕಿಲೋ, ಕೆಂಪು ಬಟನ್ ಗುಲಾಬಿ ನೂರು ಗ್ರಾಂ ಇದ್ದರೆ ತುಂಬಿ ತುಳುಕುತ್ತದೆ. ಹತ್ತು ನಿಮಿಷದ ಕೆಲಸ, ಎಲ್ಲಕ್ಕಿಂತ ಅಗ್ಗ. ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ ನೀರು ಮುಟ್ಟಿದ ದಳಗಳು ಪಾರದರ್ಶಕವಾಗಿ ಲೋಳೆಯಾಗುತ್ತವೆ, ಅಷ್ಟೆ. ಒಂದೇ ರಾತ್ರಿಯ ಊಟಕ್ಕೆ ಇದನ್ನು ಮೀರಿಸಿದ್ದು ಬೇರೊಂದಿಲ್ಲ ಎಂದೇ ನಮ್ಮ ಅಭಿಪ್ರಾಯ. ‘ಕ್ರಿಸ್ಮಸ್ಸಿನಂತೆ ಕಾಣುವುದಿಲ್ಲ’ ಎನ್ನುವವರು ನಡುವೆ ಒಂದು ಹಿಡಿ ಥೂಜಾ (ಚಪ್ಪಟೆ ಎಳೆಗಳ ನಿತ್ಯಹಸಿರು ಗಿಡ) ಸೊಪ್ಪು ಇಟ್ಟು ನೋಡಲಿ.

ಕಡ್ಡಿ ನಿಲ್ಲಿಸಲು: ಫೋಮ್, ಜಾಲರಿ, ಬಾಟಲಿ

ಹಸಿರು ಇಟ್ಟಿಗೆಯಂಥ ಫೋಮನ್ನು ಅಂಗಡಿಯಲ್ಲಿ ‘ಓಯಸಿಸ್’ ಎಂದೇ ಕೇಳಬೇಕು. ಒಂದು ಇಟ್ಟಿಗೆ ಸುಮಾರು 23 ಸೆಂ.ಮೀ. ಉದ್ದ, 11 ಅಗಲ, 8 ದಪ್ಪ. ಪೂರ್ತಿ ನೆನೆದರೆ ಎರಡು ಲೀಟರಿನ ಹತ್ತಿರ ನೀರು ಹಿಡಿಯುತ್ತದೆ. ಹೊಸಬರು ಎಡವುವುದು ನೆನೆಸುವಾಗ. ಬಕೆಟ್ಟಿನ ನೀರಿನ ಮೇಲೆ ಇಟ್ಟು ಸುಮ್ಮನೆ ಬಿಡಬೇಕು, ತಾನಾಗಿ ಮುಳುಗುತ್ತದೆ. ಕೈಯಿಂದ ಅದುಮಿದರೆ ಹೊರಮೈ ಒದ್ದೆಯಾಗಿ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಒಣ ಜಾಗಕ್ಕೆ ತುದಿ ತಗುಲಿದ ಹೂ ಮೂರೇ ಗಂಟೆಯಲ್ಲಿ ತಲೆ ಬಾಗಿಸುತ್ತದೆ, ಪಕ್ಕದ್ದು ನೆಟ್ಟಗೇ ಇರುತ್ತದೆ. ಚುಚ್ಚಿದ ಕಡ್ಡಿಯನ್ನು ಸ್ವಲ್ಪ ಮೇಲಕ್ಕೆಳೆದು ಸರಿಪಡಿಸುವುದೂ ತಪ್ಪು. ಬುಡದ ಕೆಳಗೆ ಪೊಳ್ಳು ಉಳಿದು ನೀರಿನ ಸಂಪರ್ಕ ತಪ್ಪುತ್ತದೆ. ಪೂರ್ತಿ ಕಿತ್ತು ಬೇರೆ ಕಡೆ ಚುಚ್ಚಿ. ಒಮ್ಮೆ ಒಣಗಿದ ಫೋಮ್ ಮತ್ತೆ ಸರಿಯಾಗಿ ನೀರು ಹೀರುವುದಿಲ್ಲವಾದ್ದರಿಂದ ಕಳೆದ ವರ್ಷದ ತುಂಡನ್ನು ಅಟ್ಟದಿಂದ ಇಳಿಸಬೇಡಿ.

ಇದು ಪ್ಲಾಸ್ಟಿಕ್ಕಿನದೇ ಜಾತಿ, ಪುಡಿಯಾಗುತ್ತದೆ, ಕೊಳೆಯುವುದಿಲ್ಲ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿದೆ. ಆ ವಾದ ಬದಿಗಿಟ್ಟರೂ ಮನೆ ಬಳಕೆಗೆ ಕೋಳಿಗೂಡಿನ ಜಾಲರಿಯೇ ಮೇಲು. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಿಂಚು ಕಣ್ಣಿನ ಜಾಲರಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದೂವರೆ ಅಡಿ ಚದರದ ತುಂಡನ್ನು ಸಡಿಲವಾಗಿ ಮುದುಡಿ, ಬಟ್ಟಲಿನೊಳಗೆ ಎರಡು ಮೂರು ಪದರ ಬರುವಂತೆ ತುರುಕಿ, ಬಾಯಿಯ ಮೇಲೆ ಟೇಪನ್ನು ಕೂಡುವ ಗುರುತಿನ (+) ಆಕಾರದಲ್ಲಿ ಅಂಟಿಸಿದರೆ ಮುಗಿಯಿತು. ಅಂಟಿಸುವಾಗ ಬಟ್ಟಲಿನ ಅಂಚು ಒಣಗಿರಬೇಕು, ನೀರು ಆಮೇಲೆ. ಕಡ್ಡಿಯ ಬುಡ ನೀರಿನಲ್ಲೇ ನೇರ ನಿಲ್ಲುವುದರಿಂದ ಹೂ ಫೋಮಿನಲ್ಲಿರುವುದಕ್ಕಿಂತ ಒಂದೆರಡು ದಿನ ಹೆಚ್ಚು ಬಾಳುತ್ತದೆ. ಕೊರತೆ ಒಂದೇ: ಕಡ್ಡಿಯನ್ನು ಅಡ್ಡಡ್ಡ, ಮೇಜಿಗೆ ಸಮಾನಾಂತರವಾಗಿ ಚುಚ್ಚಲಾಗದು. ಆ ಆಕಾರ ಬೇಕೇ ಬೇಕೆಂದರೆ ಫೋಮ್.

ಕೈ ಪಳಗದವರಿಗೆ ಸಣ್ಣ ಬಾಟಲಿಗಳ ಸಾಲು. ಒಂದೇ ಅಳತೆಯ ಐದೋ ಏಳೋ ಗಾಜಿನ ಬಾಟಲಿ, ಒಂದೊಂದರಲ್ಲಿ ಒಂದು ಹೂ, ಎರಡು ಎಳೆ ಸೊಪ್ಪು. ಅವುಗಳ ನಡುವೆ ಕಿತ್ತಳೆ. ಕೆಡುವಂಥದ್ದು ಏನೂ ಇಲ್ಲ, ಊಟದ ಪಾತ್ರೆ ಬಂದಾಗ ಒಂದೆರಡನ್ನು ಸರಿಸಬಹುದು. ಬಾಟಲಿಗೆ ಮುಕ್ಕಾಲು ನೀರು ಇರಲಿ, ಇಲ್ಲವಾದರೆ ಮೇಲ್ಭಾರಕ್ಕೆ ಉರುಳುತ್ತದೆ.

ಯಾವ ಹೂ

ಗುಲಾಬಿ ಇಪ್ಪತ್ತರ ಕಟ್ಟಿನಲ್ಲಿ ಬರುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿ ಕಡುಗೆಂಪೆಂದರೆ ಬಹುಮಟ್ಟಿಗೆ ತಾಜ್ ಮಹಲ್ ತಳಿ. ಕೊಳ್ಳುವಾಗ ಮೊಗ್ಗಿನ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ: ಗಟ್ಟಿ ಇದ್ದರೆ ಹೊಸತು, ಮೆತ್ತಗಿದ್ದರೆ ಶೀತಲ ಪೆಟ್ಟಿಗೆಯಲ್ಲಿ ಬಹಳ ದಿನ ಕಳೆದದ್ದು. ಹೊರಗಿನ ಒಂದೆರಡು ದಳ ಹಸಿರು-ಕಂದಾಗಿ ಸುರುಟಿದ್ದರೆ ಅದು ಕೆಟ್ಟದ್ದರ ಗುರುತಲ್ಲ. ಒಳಗಿನದನ್ನು ಕಾಯುವ ದಳ ಅದು, ಕಿತ್ತು ಹಾಕಿ. ಕತ್ತು ಬಾಗಿದರೆ ಕಾಂಡದಲ್ಲಿ ಗಾಳಿ ಹೊಕ್ಕಿದೆ ಎಂದರ್ಥ. ಬುಡದಿಂದ ಒಂದಿಂಚು ನೀರಿನೊಳಗೇ ಓರೆಯಾಗಿ ಕತ್ತರಿಸಿ, ಇಡೀ ಹೂವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ಮಲಗಿಸಿದರೆ ಹೆಚ್ಚಿನವು ಮತ್ತೆ ನೆಟ್ಟಗಾಗುತ್ತವೆ.

ಕಾರ್ನೇಷನ್ ಅದೇ ಬೆಲೆಗೆ ಹೆಚ್ಚು ಬಾಳುತ್ತದೆ, ವಾರ ದಾಟಿದರೂ ಆಶ್ಚರ್ಯವಿಲ್ಲ. ಕತ್ತರಿಸುವ ಜಾಗ ನೋಡಿ: ಕಾಂಡದುದ್ದಕ್ಕೂ ಕಬ್ಬಿನ ಹಾಗೆ ಗೆಣ್ಣುಗಳಿವೆ, ಗೆಣ್ಣಿನ ಮೇಲೆ ಕತ್ತರಿಸಿದರೆ ನೀರೆಳೆಯುವುದಿಲ್ಲ, ಎರಡು ಗೆಣ್ಣುಗಳ ನಡುವೆ ಕತ್ತರಿಸಬೇಕು. ಇದರ ಇನ್ನೊಂದು ಬಲಹೀನತೆ ಹಣ್ಣಿನ ವಿಷಯಕ್ಕೆ ಬಂದಾಗ ಹೇಳುತ್ತೇವೆ.

ಜರ್ಬೆರಾ ಹತ್ತರ ಕಟ್ಟು. ಅಗಲ ಮುಖ, ಐದು ಹೂ ಇಟ್ಟರೂ ಬಟ್ಟಲು ತುಂಬಿದಂತೆ ಕಾಣುತ್ತದೆ. ಆದರೆ ಕಾಂಡದ ಮೇಲೆ ರೋಮ, ಒಳಗೆ ಪೊಳ್ಳು. ಆಳ ನೀರಿನಲ್ಲಿಟ್ಟರೆ ಕೊಳೆತು ಕತ್ತು ಮುರಿಯುತ್ತದೆ. ಎರಡು ಇಂಚು ನೀರು ಸಾಕು. ಬುಡದ ಗಟ್ಟಿ ಭಾಗ ನೀರು ಹೀರದು, ಒಂದೂವರೆ ಇಂಚು ಕತ್ತರಿಸಿ ತೆಗೆಯಿರಿ. ಫೋಮಿಗೆ ಚುಚ್ಚುವುದಾದರೆ ಮೊದಲು ಪೆನ್ಸಿಲಿನಿಂದ ತೂತು ಮಾಡಿ, ಇಲ್ಲವೇ ಕಾಂಡ ಮಡಚುತ್ತದೆ.

ಆಂಥೂರಿಯಂ ಕಡೆಗೆ ಜನ ಅಷ್ಟಾಗಿ ನೋಡುವುದಿಲ್ಲ, ಕರಾವಳಿಯವರಂತೂ ಖಂಡಿತ ನೋಡಬೇಕು. ಕೊಡಗಿನಲ್ಲಿ ಬೆಳೆಯುತ್ತಾರೆ. ಮೇಣದ ಹಾಗೆ ಹೊಳೆಯುವ ಕೆಂಪು, ಸೆಕೆಗೆ ಜಗ್ಗುವುದಿಲ್ಲ, ಎರಡು ವಾರ ಸಲೀಸಾಗಿ ನಿಲ್ಲುತ್ತದೆ. ಉಳಿದ ಹೂಗಳ ಜೊತೆ ಫ್ರಿಜ್ಜಿಗೆ ಇಡುವುದು ಮಾತ್ರ ಬೇಡ. ಚಳಿಗೆ ಅಂಚು ಕಪ್ಪಾಗುತ್ತದೆ. ಮೂರು ಹೂ, ನಾಲ್ಕು ಎಲೆ, ಮುಗಿಯಿತು. ಗುಂಪು ಮಾಡಿದರೆ ಹೋಟೆಲ್ ಲಾಬಿಯ ಕಳೆ ಬರುತ್ತದೆ.

ಸೇವಂತಿಗೆ ಎಂದರೆ ದೇವರ ಮನೆಯ ಹೂ ಎಂಬ ಭಾವನೆ ಇದ್ದವರು ಗೊಂಚಲಿನ ಬಿಳಿ ಅಥವಾ ಹಸಿರು ಬಟನ್ ಬಗೆ ನೋಡಿ. ಹತ್ತು ದಿನ ಬರುತ್ತದೆ. ಹೂವಿಗಿಂತ ಮೊದಲು ಎಲೆ ಬಾಡಿ ಕಪ್ಪಾಗುವುದರಿಂದ ಎಲೆ ಪೂರ್ತಿ ಸವರಿಬಿಡಬೇಕು. ಪಾಯಿನ್‌ಸೆಟಿಯಾವನ್ನು ಕತ್ತರಿಸಬೇಡಿ: ಹಾಲು ಸುರಿಯುತ್ತದೆ, ಚರ್ಮಕ್ಕೆ ಕೆರೆತ, ಪಕ್ಕದ ಹಣ್ಣಿಗೂ ಅಂಟು. ನಾಲ್ಕಿಂಚಿನ ಕುಂಡವನ್ನೇ ಬಟ್ಟೆಯಲ್ಲಿ ಸುತ್ತಿ ಇಡಿ.

ಯಾವುದೇ ಹೂವಾಗಲಿ, 23ರಂದೇ ತಂದು, ನೀರಿಗೆ ಮುಳುಗುವ ಎಲೆಗಳನ್ನೆಲ್ಲ ತೆಗೆದು, ಕನಿಷ್ಠ ನಾಲ್ಕು ಗಂಟೆ ಬಕೆಟ್ಟಿನಲ್ಲಿ ನೀರು ಕುಡಿಯಲು ಬಿಡಬೇಕು. ಬಟ್ಟಲಿನ ನೀರಿಗೆ ಲೀಟರಿಗೆ ಒಂದು ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ, ಕಾಲು ಚಮಚ ಬಟ್ಟೆಯ ಬ್ಲೀಚ್. ಬ್ಲೀಚ್ ಬಿಟ್ಟು ಬರೀ ಸಕ್ಕರೆ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಹಬ್ಬ. ಹಿತ್ತಾಳೆ, ಕಂಚಿನ ಪಾತ್ರೆಗೆ ಈ ಮಿಶ್ರಣ ನೇರವಾಗಿ ಬೇಡ, ಕಲೆ ಬೀಳುತ್ತದೆ. ಒಳಗೊಂದು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಳ್ಳಿ.

ಸೊಪ್ಪು: ಉದುರುವುದು, ಉಳಿಯುವುದು

ಒಂದೇ ಮರಕ್ಕೆ ಕರಾವಳಿಯಲ್ಲಿ ಗಾಳಿ ಮರ, ಬಯಲುಸೀಮೆಯಲ್ಲಿ ಸರ್ವೆ ಎಂಬ ಹೆಸರು. ಕ್ರಿಸ್ಮಸ್ ಮರವಾಗಿ ಬಹಳ ಮನೆಗಳನ್ನು ಹೊಕ್ಕಿದ್ದು ಇದೇ, ಗೋದಲಿಯ ಸುತ್ತ ಹಾಸಲೂ ಚೆಂದ. ಊಟದ ಮೇಜಿಗೆ ಮಾತ್ರ ಬೇಡ. ಒಂದು ದಿನದಲ್ಲಿ ಒಣಗಿ ಸೂಜಿಯಂಥ ಎಳೆಗಳು ತುಂಡುತುಂಡಾಗಿ ಉದುರುತ್ತವೆ. ಆಸ್ಪರಾಗಸ್‌ನದೂ ಇದೇ ಚಾಳಿ. ಹೂವಿನಂಗಡಿಯವರು ಕೊಸರಿಗೆ ಕೊಡುವ ಕಾಮಿನಿ ಎಲೆ ನೀರಿನಲ್ಲಿದ್ದರೆ ಮಿರಮಿರ ಮಿಂಚುತ್ತದೆ, ನೀರಿಲ್ಲದಿದ್ದರೆ ಎರಡನೇ ದಿನ ಮುಟ್ಟಿದಲ್ಲಿ ಎಲೆ ಉದುರುತ್ತದೆ. ಬಟ್ಟಲಿಗೆ ಸರಿ, ಹಾಸಿಗೆ ಅಲ್ಲ.

ನೀರಿಲ್ಲದ ಹಾಸಿಗೆ ಥೂಜಾ ಮತ್ತು ಸಿಲ್ವರ್ ಓಕ್ ಜೋಡಿಯನ್ನು ಹಿಂದಿಕ್ಕುವಂಥದ್ದು ನಮ್ಮಲ್ಲಿಲ್ಲ. ಥೂಜಾ ಐದಾರು ದಿನ ಹಸಿರಾಗಿಯೇ ಇರುತ್ತದೆ. ಕಾಫಿ ತೋಟಗಳಲ್ಲಿ ನೆರಳಿಗೆ ನೆಟ್ಟ ಸಿಲ್ವರ್ ಓಕಿನ ಎಲೆ ಮೇಲೆ ಹಸಿರು, ಕೆಳಗೆ ಬೆಳ್ಳಿ. ನಾಲ್ಕರಲ್ಲಿ ಒಂದನ್ನು ಮಗುಚಿ ಇಟ್ಟರೆ ಹಿಮ ಸೋಕಿದಂತೆ ಕಾಣುತ್ತದೆ, ಒಣಗಿದರೂ ಆಕಾರ ಕೆಡುವುದಿಲ್ಲ. ನೀಲಗಿರಿ ಸೊಪ್ಪೂ ಹಾಗೇ ಒಣಗುತ್ತದೆ, ಆದರೆ ಅದರ ವಾಸನೆ ಬಿರಿಯಾನಿಯ ಮೇಲೆ ಸವಾರಿ ಮಾಡುತ್ತದೆ.

ಕ್ರಿಸ್ಮಸ್ ಚಿತ್ರಗಳಲ್ಲಿ ಕಾಣುವ ಹಾಲಿ (holly) ಗಿಡದ ಕೆಂಪು ಕಾಯಿಗೆ ನಮ್ಮ ಬದಲಿ ಕಾಫಿ ಹಣ್ಣು. ಡಿಸೆಂಬರ್ ಅರೇಬಿಕಾ ಕೊಯ್ಲಿನ ಕಾಲ. ಪೂರ್ತಿ ಹಣ್ಣಾದದ್ದು ಮುಟ್ಟಿದರೆ ಉದುರಿ, ಜಜ್ಜಿದರೆ ಅಂಟು ರಸ ಮೇಜುಬಟ್ಟೆಗೆ ಕಲೆ ಮಾಡುತ್ತದೆ; ಅರೆಗೆಂಪಿನ ರೆಂಬೆ ಆರಿಸಿ. ತೋಟದವರನ್ನು ಕೇಳದೆ ಮುರಿಯಬಾರದು. ಹಣ್ಣು ಬಿಟ್ಟ ಗೆಣ್ಣುಗಳಾಚೆ ಬೆಳೆದ ಚಿಗುರೇ ಮುಂದಿನ ವರ್ಷದ ಫಸಲು. ಹೇಗೂ ಸವರಿ ತೆಗೆಯುವ ರೆಂಬೆ ಇದ್ದರೆ ಅವರೇ ಕೊಡುತ್ತಾರೆ.

ಹಣ್ಣು, ಮತ್ತು ಹೂವಿನ ಜೊತೆ ಅದರ ಜಗಳ

ಸೇಬು, ಬಾಳೆ, ಪಪ್ಪಾಯಿ ಮಾಗುವಾಗ ಎಥಿಲಿನ್ ಎಂಬ ಅನಿಲ ಬಿಡುತ್ತವೆ. ಕಾರ್ನೇಷನ್‌ಗೆ ಅದು ವಿಷ: ದಳಗಳು ಒಳಕ್ಕೆ ಸುರುಟಿ ಹೂ ನಿದ್ದೆ ಹೋದಂತೆ ಮುಚ್ಚಿಕೊಳ್ಳುತ್ತದೆ, ಎಷ್ಟು ನೀರು ಹಾಕಿದರೂ ಮತ್ತೆ ತೆರೆಯುವುದಿಲ್ಲ. ಗುಲಾಬಿಗೆ ತಳಿ ನೋಡಿಕೊಂಡು ಅಷ್ಟಿಷ್ಟು ಪೆಟ್ಟು. ಸೇವಂತಿಗೆ, ಜರ್ಬೆರಾ, ಆಂಥೂರಿಯಂಗೆ ಲೆಕ್ಕಕ್ಕಿಲ್ಲ. ಅತ್ತ ಕಿತ್ತಳೆ, ನಿಂಬೆ, ದಾಳಿಂಬೆ, ದ್ರಾಕ್ಷಿ, ಅನಾನಸ್ ಬಿಡುವ ಎಥಿಲಿನ್ ತೀರಾ ಕಡಿಮೆ. ಆದ್ದರಿಂದ ಸೇಬು ಬೇಕೆಂದರೆ ಸೇವಂತಿಗೆ. ಕಾರ್ನೇಷನ್ ಬೇಕೆಂದರೆ ಕಿತ್ತಳೆ, ದಾಳಿಂಬೆ. ಹೂವಿನ ಬಕೆಟ್ಟನ್ನು ಅಡುಗೆಮನೆಯ ಬಾಳೆಗೊನೆಯ ಪಕ್ಕ ಇಡದಿರುವುದೂ ಇದೇ ಕಾರಣಕ್ಕೆ. ಬೂಷ್ಟು ಹಿಡಿದ ಕಿತ್ತಳೆಯೂ ಎಥಿಲಿನ್ ಬಿಡುತ್ತದೆ. ಒಂದು ಕೊಳೆತರೂ ಕೂಡಲೇ ತೆಗೆಯಿರಿ.

ಕೊಡಗಿನ ಕಿತ್ತಳೆಯ ಬಣ್ಣ, ಪರಿಮಳ ಸೊಗಸು, ಆದರೆ ಸಿಪ್ಪೆ ಸಡಿಲ. ಕಡ್ಡಿ ಚುಚ್ಚಿದರೆ ಗಿರಗಿರ ತಿರುಗುತ್ತದೆ, ಸೋರುತ್ತದೆ. ಅದನ್ನು ಸುಮ್ಮನೆ ಇಡುವುದೇ ಸರಿ. ಚುಚ್ಚಿ ನಿಲ್ಲಿಸಲು, ಲವಂಗ ಸಿಕ್ಕಿಸಲು ಸಿಪ್ಪೆ ಬಿಗಿಯಾದ ಕಿನ್ನೋ ಕಿತ್ತಳೆ ಅಥವಾ ಮೂಸಂಬಿ. ಒಂದೇ ಕಡ್ಡಿ ಸಾಲದು, ಎರಡು ಬಿದಿರು ಕಡ್ಡಿಗಳನ್ನು ಕವಲಿನ ಹಾಗೆ ಓರೆಯಾಗಿ ಚುಚ್ಚಿದರೆ ಹಣ್ಣು ಅಲುಗುವುದಿಲ್ಲ. ಲವಂಗಕ್ಕೆ ಮೊದಲು ಟೂತ್‌ಪಿಕ್‌ನಿಂದ ತೂತು; ನಾಲ್ಕು ಪಟ್ಟೆ ಹಾಕಲು ನಲವತ್ತು ಐವತ್ತು ಲವಂಗ. ಎರಡು ದಿನ ಘಮಘಮ, ಆಮೇಲೆ ಕೊಳೆಯುತ್ತದೆ.

ದಾಳಿಂಬೆ ಹಣ್ಣಿನ ತಟ್ಟೆಯ ರಾಜ. ವಾರಗಟ್ಟಲೆ ಕೆಡದು, ತಲೆಯಲ್ಲಿ ಕಿರೀಟ ಬೇರೆ. ಸೀಳಿ ಕಾಳು ಕಾಣುವಂತೆ ಇಡುವ ಆಸೆ ಬಿಡಿ. ಒಂದು ಗಂಟೆಯಲ್ಲಿ ಇರುವೆಯ ಸಾಲು ಹಾಜರು. ಇರುವೆಗೆ ನಮ್ಮ ಹಿರಿಯರು ಬೆಲ್ಲದ ಡಬ್ಬಿಗೆ ಮಾಡುತ್ತಿದ್ದ ಉಪಾಯವೇ: ಅಗಲ ತಟ್ಟೆಯಲ್ಲಿ ಅರ್ಧ ಸೆಂಟಿಮೀಟರ್ ನೀರು, ಅದರ ನಡುವೆ ಬೋರಲು ಹಾಕಿದ ಚಿಕ್ಕ ತಟ್ಟೆ, ಅದರ ಮೇಲೆ ಹಣ್ಣಿನ ತಟ್ಟೆ. ಅಂಚಿನಿಂದ ಜೋತುಬಿದ್ದ ಒಂದು ಎಳೆ ಸೊಪ್ಪು ಮೇಜಿಗೆ ತಾಗಿದರೂ ಅದು ಇರುವೆಗೆ ಸೇತುವೆ.

ಅಂಗಡಿಯ ಕಡ್ಡಿ ಹೂವಿಗೆ ಕೀಟನಾಶಕ ಹೊಡೆದಿರುತ್ತಾರೆ. ಆಮೇಲೆ ತಿನ್ನುವ ಹಣ್ಣು ಫೋಮಿಗೂ ಬಟ್ಟಲಿನ ನೀರಿಗೂ ತಾಗಬಾರದು. ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳ) ತಟ್ಟೆಯ ಮೇಲೆ ಹೂ ಉದುರಿಸುವುದೂ ಬೇಡ.

ಮೂರನ್ನೂ ಬೆರೆಸಿದ ಒಂದು ಬಟ್ಟಲು

ಅಡುಗೆಯ ಪಾತ್ರೆಗಳನ್ನು ಪಕ್ಕದ ಮೇಜಿನಲ್ಲಿಟ್ಟುಕೊಳ್ಳುವ ಮನೆಗೆ, ಇಪ್ಪತ್ತು ಗಂಟೆಯ ಲೆಕ್ಕಕ್ಕೆ ಇದು ಸರಿಹೊಂದುತ್ತದೆ. 25 ಸೆಂ.ಮೀ. ಅಗಲ, ನಾಲ್ಕಿಂಚು ಆಳದ ಬಟ್ಟಲು, ಜಾಲರಿ, ಒಂದೂವರೆ ಲೀಟರ್ ನೀರು. ಹತ್ತು ತುಂಡು ಥೂಜಾ, ಆರು ಸಿಲ್ವರ್ ಓಕ್ ಎಲೆ, ಹನ್ನೆರಡು ಕೆಂಪು ಗುಲಾಬಿ, ಐದು ಗೊಂಚಲು ಬಿಳಿ ಸೇವಂತಿಗೆ, ಐದು ಕಿನ್ನೋ. ಮೊದಲು ಥೂಜಾವನ್ನು ಅಂಚಿನ ಸುತ್ತ, ಬಟ್ಟಲಿನ ಬಾಯಿ ಮರೆಯಾಗುವಂತೆ ಹೊರಕ್ಕೆ ಬಾಗಿಸಿ ಚುಚ್ಚಿ. ಹಣ್ಣು ಎರಡನೆಯದು, ಕೊನೆಗೆಂದು ಇಟ್ಟುಕೊಂಡರೆ ಅದರ ಭಾರಕ್ಕೆ ಹೂವಿನ ಕಡ್ಡಿಗಳೆಲ್ಲ ಜರುಗುತ್ತವೆ. ಮೂರು ಹಣ್ಣು ಒಂದು ಕಡೆ ಗುಂಪಾಗಿ, ಎರಡು ಎದುರು ಬದಿಗೆ. ಗಡಿಯಾರದ ಅಂಕಿಗಳ ಹಾಗೆ ಸಮವಾಗಿ ಹಂಚಿದರೆ ಜೀವ ಇರುವುದಿಲ್ಲ. ಆಮೇಲೆ ಆರು ಇಂಚಿಗೆ ಕತ್ತರಿಸಿದ ಗುಲಾಬಿ, ನಡುವಿನ ಮೂರನ್ನು ಮಾತ್ರ ಎಂಟು ಇಂಚಿಗೆ. ಉಳಿದ ಸಂದಿಗೆ ಸೇವಂತಿಗೆ. ಕುರ್ಚಿಯಲ್ಲಿ ಕುಳಿತು ನಾಲ್ಕೂ ಬದಿಯಿಂದ ನೋಡಿ. ನಿಂತು ನೋಡಿದಾಗ ಕಾಣದ ಜಾಲರಿ ಕುಳಿತಾಗ ಕಾಣುತ್ತದೆ.

ಊಟದ ಹೊತ್ತಿನವರೆಗೆ ಮೇಲಿನ ಫ್ಯಾನ್ ಆರಿಸಿಡಿ. ಫ್ಯಾನಿನ ಗಾಳಿಗೆ ಹೂ ಬೇಗ ಬಾಡುತ್ತದೆ. ಮೇಣದಬತ್ತಿ ಇಡುವುದಾದರೆ ಅಲಂಕಾರದ ಒಳಗೆ ಚುಚ್ಚಬೇಡಿ. ಒಂದು ಗೇಣು ದೂರ, ಗಾಜಿನ ಚಿಮಣಿಯೊಳಗೆ. ಒಣಗಿದ ಥೂಜಾ, ನೀಲಗಿರಿ ಎರಡರಲ್ಲೂ ಎಣ್ಣೆಯಂಶ ಇದೆ, ಕಿಡಿ ತಾಗಿದರೆ ಭಗ್ಗೆನ್ನುತ್ತದೆ. ಹ್ಯಾಂಬರ್ಗಿನಲ್ಲಿ ಯೋಹಾನ್ ಹಿನ್‌ರಿಶ್ ವಿಖೆರ್ನ್ 1839ರಲ್ಲಿ ಅನಾಥ ಮಕ್ಕಳಿಗೆಂದು ಶುರುಮಾಡಿದ ಆಗಮನ ಕಾಲದ (ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ) ಬತ್ತಿಗಳ ಚಕ್ರ ಈಗ ನಾಲ್ಕು ಬತ್ತಿಯ ಹಸಿರು ವರ್ತುಲವಾಗಿ ಇಲ್ಲಿಯ ಚರ್ಚುಗಳಲ್ಲೂ ಮನೆಗಳಲ್ಲೂ ಇದೆ. ಅದನ್ನೇ ಕ್ರಿಸ್ಮಸ್ ಊಟಕ್ಕೂ ಮೇಜಿನ ನಡುವೆ ಇಡುವವರು ನಾಲ್ಕು ವಾರದ ಒಣ ಸೊಪ್ಪನ್ನು ಕಿತ್ತು ಹೊಸದು ಸುತ್ತಿದ ಮೇಲೆಯೇ ಬತ್ತಿ ಹಚ್ಚಲಿ.

26ರ ಬೆಳಗ್ಗೆ ಬಟ್ಟಲಿನ ನೀರು ಪೂರ್ತಿ ಬದಲಿಸಿ, ಬಿರಿದ ಗುಲಾಬಿ ತೆಗೆದು ಆ ಜಾಗಕ್ಕೆ ಇನ್ನೆರಡು ಕಿನ್ನೋ ಇಟ್ಟರೆ, ಸೇವಂತಿಗೆ ಮತ್ತು ಥೂಜಾದ ಬಲದಲ್ಲಿ ಅದೇ ಬಟ್ಟಲು ಹೊಸ ವರ್ಷ ಮುಟ್ಟುತ್ತದೆ. ಫೋಮ್ ಬಳಸಿದ್ದರೆ ಅದರ ನೀರನ್ನು ಸಿಂಕಿಗೆ ಸುರಿಯಬೇಡಿ, ಹಳೆ ಬಟ್ಟೆಯಲ್ಲಿ ಸೋಸಿ ಪುಡಿಯನ್ನು ಒಣಕಸಕ್ಕೆ ಹಾಕಿ. ಜಾಲರಿಯನ್ನು ತೊಳೆದು ಬಿಸಿಲಿಗೆ ಒಣಗಿಸಿಟ್ಟರೆ ಮುಂದಿನ ಡಿಸೆಂಬರಿಗೂ ಬರುತ್ತದೆ; ಒದ್ದೆ ಇಟ್ಟರೆ ತುಕ್ಕು.